ಬಂಗಡೆ ಊಟದಲ್ಲಿ ಹನ್ನೆರಡು ನರ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಲ ಹೃದಯದ ಪಾಠ ಮುಗಿಸುವಾಗ ಮುಂದಿನ ತಿಂಗಳು ನರಮಂಡಲ, ಏನೇನು ಕಷ್ಟ ಆಗ್ತಿದೆ ಬರೆದು ಕಳ್ಸಿ ಅಂದಿದ್ದೆ. ಕಾರವಾರದಿಂದ ಸಿದ್ದಾಪುರದ ತನಕ ಬರೆದಿದ್ದೀರಿ, ಬಿಎಸ್ಸಿ ನರ್ಸಿಂಗ್ ಮೊದಲ ಸೆಮಿಸ್ಟರ್‌ನವ್ರು, ಜಿಎನ್‌ಎಂ ಮಕ್ಕಳು, ಸ್ಟಾಫ್ ನರ್ಸ್ ಪರೀಕ್ಷೆಗೆ ಮತ್ತೆ ಪುಸ್ತಕ ತೆಗೆದವ್ರು, ಎಲ್ಲರದ್ದೂ ಒಂದೇ ಗೋಳು, ಹೆಸರು ತಲೇಲಿ ನಿಲ್ಲಲ್ಲ. ನಾನು ತುಂಬಾ ವರ್ಷ ವಾರ್ಡಲ್ಲಿದ್ದು ಆಮೇಲೆ ಪಾಠ ಮಾಡೋಕೆ ಬಂದವಳು, ನನಗೆ ಅನಿಸಿದ್ದು ಇಷ್ಟೇ, ಹೆಸರಿಂದ ಶುರು ಮಾಡ್ಬೇಡಿ. ಈ ನರ ಏನು ಕೆಲಸ ಮಾಡತ್ತೆ, ಕೆಟ್ಟೋದ್ರೆ ಮಂಚದ ಮೇಲೆ ಮಲಗಿರೋ ಮನುಷ್ಯನಲ್ಲಿ ನಿಮ್ಮ ಕಣ್ಣಿಗೆ ಏನು ಕಾಣತ್ತೆ, ಅದನ್ನ ಮೊದ್ಲು ಕನ್ನಡದಲ್ಲೇ ನಿಮಗೆ ನೀವು ಹೇಳ್ಕೊಳ್ಳಿ, ಇಂಗ್ಲಿಷ್ ಹೆಸರು ಅದರ ಬಾಲ ಹಿಡ್ಕೊಂಡು ಬರತ್ತೆ. ಕೆಳಗಿನ ಉತ್ತರಗಳನ್ನೆಲ್ಲ ಹಾಗೇ ಬರ್ದಿದ್ದೀನಿ.

ಪ್ರಶ್ನೆ: ಮೇಡಂ, ಕ್ರೇನಿಯಲ್ ನರ್ವ್ಸ್, ಅಂದ್ರೆ ತಲೆಬುರುಡೆಯಿಂದ ಹೊರಡೋ ನರಗಳು, ಹನ್ನೆರಡು. ಇಂಗ್ಲಿಷ್ ವಾಕ್ಯದ ಸೂತ್ರ ಬಾಯಿಪಾಠ ಇದೆ, ಆದ್ರೆ ವೈವಾದಲ್ಲಿ "ಏಳನೇದು ಏನು ಮಾಡತ್ತೆ" ಅಂದ್ರೆ ಸೂತ್ರ ಒಂದರಿಂದ ಎಣಿಸ್ಬೇಕು, ಎಣಿಸೋದ್ರೊಳಗೆ ಕೆಲಸ ಮರ್ತೋಗತ್ತೆ. ಏನ್ಮಾಡ್ಲಿ?
— ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿನಿ, ಕಾರವಾರ

ಸೂತ್ರ ಹೆಸರು ಕೊಡತ್ತೆ, ಕೆಲಸ ಕೊಡಲ್ಲ, ಅದಕ್ಕೇ ಹೀಗಾಗ್ತಿರೋದು. ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಹೇಳಿದ ಹಾಗೆ ಮಾಡಿ. ಮನೇಲಿ ಬಂಗಡೆ ಸಾರು ಅಂತ ಇಟ್ಕೊಳ್ಳಿ, ಶಿರಸಿ ಕಡೆಯವ್ರು ಅಪ್ಪೆಹುಳಿ ಅಂತ ಓದ್ಕೊಳ್ಳಿ, ಮುಳ್ಳೊಂದು ಬಿಟ್ಟು ಉಳಿದಿದ್ದೆಲ್ಲ ಹೊಂದತ್ತೆ.

ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ವಾಸನೆ ಬಂತಲ್ಲ, ಅದು ಒಂದನೇದು, ಆಲ್ಫ್ಯಾಕ್ಟರಿ. ತಟ್ಟೆ ಕಂಡಿದ್ದು ಎರಡನೇದು, ಆಪ್ಟಿಕ್. ಈಗ ಮುಳ್ಳು ಹುಡುಕೋಕೆ ಕಣ್ಣು ತಟ್ಟೆ ತುಂಬಾ ಓಡಾಡ್ತಿದೆ, ಈ ಓಡಾಟ ಮೂರು ನರದ್ದು, 3, 4, 6. ಆರನೇದು ಅಬ್ಡ್ಯೂಸೆನ್ಸ್ ಕಣ್ಣನ್ನ ಹೊರಗಡೆಗೆ ಎಳೆಯತ್ತೆ, ಪಕ್ಕದ ಎಲೆಗೆ ಏನು ಬಡಿಸಿದ್ರು ಅಂತ ತಲೆ ತಿರುಗಿಸದೇ ನೋಡ್ತೀವಲ್ಲ ಅದು. ನಾಲ್ಕನೇದು ಟ್ರಾಕ್ಲಿಯರ್, ಮೂಗಿನ ಕಡೆಗೆ ಕೆಳಗೆ ನೋಡೋಕೆ, ಅದು ಕೆಟ್ಟವ್ರಿಗೆ ಪುಸ್ತಕ ಓದೋದು, ಮೆಟ್ಟಿಲು ಇಳಿಯೋದು ಕಷ್ಟ, ಒಂದು ಮೆಟ್ಟಿಲು ಎರಡಾಗಿ ಕಾಣತ್ತೆ. ಉಳಿದ ಚಲನೆ, ರೆಪ್ಪೆ ಎತ್ತೋದು, ಪಾಪೆ ಸಣ್ಣ ಮಾಡೋದು ಎಲ್ಲಾ ಮೂರನೇದು, ಆಕ್ಯುಲೋಮೋಟರ್. ತಲೆಗೆ ಪೆಟ್ಟು ಬಿದ್ದವ್ರಿಗೆ ಗಂಟೆಗೊಂದ್ಸಲ ಟಾರ್ಚ್ ಬಿಟ್ಟು ಪಾಪೆ ನೋಡೋದು ಯಾಕೆ ಅಂದ್ರೆ ತಲೆಬುರುಡೆ ಒಳಗೆ ಒತ್ತಡ ಏರಿದಾಗ ಈ ಮೂರನೇ ನರ ಒತ್ತಿಹೋಗಿ ಆ ಕಡೆ ಪಾಪೆ ದೊಡ್ಡದಾಗಿ ನಿಂತುಬಿಡತ್ತೆ, ಟಾರ್ಚಿಗೂ ಸಣ್ಣ ಆಗಲ್ಲ.

ತುತ್ತು ಬಾಯಿಗೆ ಬಂತು. ಅಗಿಯೋದು ಐದನೇದು, ಟ್ರೈಜೆಮಿನಲ್. ಸಾರಿನ ಖಾರ ನಾಲಿಗೆ ತುದೀಲಿ ಚುರ್ ಅಂತಲ್ಲ, ಅದೂ ಐದನೇದೇ, ಯಾಕಂದ್ರೆ ಖಾರ ರುಚಿ ಅಲ್ಲ, ಅದು ಉರಿ, ಮುಖದ ನೋವು-ಉರಿ-ಸ್ಪರ್ಶ ಹೊತ್ಕೊಂಡು ಹೋಗೋದು ಐದರ ಕೆಲಸ. ಆದ್ರೆ ಉಪ್ಪು ಹುಳಿ ಗೊತ್ತಾಗಿದ್ದು ನಾಲಿಗೆಯ ಮುಂದಿನ ಮೂರನೇ ಎರಡು ಭಾಗದಲ್ಲಿ, ಅದು ಏಳನೇದು, ಫೇಶಿಯಲ್. ತುಟಿ ಮುಚ್ಚಿ ಸಾರು ಹೊರಗೆ ಸುರಿಯದ ಹಾಗೆ ಹಿಡಿದಿದ್ದೂ ಏಳನೇದೇ. ಒಳಗೆ ಕಾವಲೀಲಿ ಇನ್ನೊಂದು ಮೀನು ಚಟಪಟ ಅನ್ನೋದು ಕೇಳ್ತು, ಮಣೆ ಮೇಲೆ ಕೂತವ್ರು ವಾಲದೇ ನೆಟ್ಟಗೆ ಕೂತಿದ್ದೀರಿ, ಎರಡೂ ಎಂಟನೇದು, ವೆಸ್ಟಿಬ್ಯುಲೋಕಾಕ್ಲಿಯರ್. ನಾಲಿಗೆಯ ಹಿಂದಿನ ಮೂರನೇ ಒಂದು ಭಾಗದ ರುಚಿ ಒಂಬತ್ತು, ಗ್ಲಾಸೋಫ್ಯಾರಿಂಜಿಯಲ್. ನುಂಗೋದ್ರಲ್ಲಿ ಒಂಬತ್ತರ ಜೊತೆ ಹತ್ತು, ವೇಗಸ್, ನುಂಗಿದ್ಮೇಲೆ ಗಂಟಲಿಂದ ಹೊಟ್ಟೆ ತನಕದ್ದೆಲ್ಲ ಅದೇ ನೋಡ್ಕೊಳ್ಳತ್ತೆ, "ಸಾಕು" ಅಂದ್ರಲ್ಲ, ಆ ಧ್ವನೀನೂ ಅದರದ್ದೇ. ಇನ್ನೊಂಚೂರು ಹಾಕ್ಲಾ ಅಂದಾಗ ಹೆಗಲು ಎತ್ತಿ ಕತ್ತು ತಿರುಗಿಸಿದ್ದು ಹನ್ನೊಂದು, ಆಕ್ಸೆಸರಿ. ಬಾಯೊಳಗೆ ಸಣ್ಣ ಮುಳ್ಳನ್ನ ಬೇರೆ ಮಾಡಿ ತುಟಿಗೆ ತಂದಿಟ್ಟ ನಾಲಿಗೆ ಹನ್ನೆರಡು, ಹೈಪೋಗ್ಲಾಸಲ್.

ಎರಡು ದಿನ ಹೀಗೆ ಊಟ ಮಾಡಿ ನೋಡಿ. ಆಮೇಲೆ ಇದೊಂದು ಸಾಲು ಬರೆದು ಗೋಡೆಗೆ ಅಂಟಿಸಿ: ಬರೀ ಸೆನ್ಸರಿ (ಸುದ್ದಿ ಒಳಗೆ ತರೋದು) 1, 2, 8. ಬರೀ ಮೋಟರ್ (ಸ್ನಾಯುವಿಗೆ ಅಪ್ಪಣೆ ಒಯ್ಯೋದು) 3, 4, 6, 11, 12. ಉಳಿದಿದ್ದು 5, 7, 9, 10 ಎರಡೂ.

ಒಂಬತ್ತು-ಹತ್ತರ ಬಗ್ಗೆ ಇನ್ನೊಂದು ಮಾತು, ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಸ್ಟ್ರೋಕ್ ಆದ ಅಜ್ಜ ಒಬ್ರಿಗೆ ಮನೆಯವ್ರು ಪ್ರೀತಿಯಿಂದ ಫ್ಲಾಸ್ಕಿನ ಚಾ ಕುಡಿಸಿದ್ರು, ನಾನು ಪಕ್ಕದಲ್ಲೇ ಇದ್ದೆ, ಸುಮ್ನಿದ್ದೆ. ಅಜ್ಜ ಜೋರಾಗಿ ಕೆಮ್ಮಲೂ ಇಲ್ಲ, ಬರೀ ಧ್ವನಿ ಬದಲಾಯ್ತು, ಗಂಟಲಲ್ಲಿ ನೀರು ನಿಂತ ಹಾಗೆ ಗೊರಗೊರ ಅಂತ. ಎರಡು ದಿನಕ್ಕೆ ನ್ಯುಮೋನಿಯಾ. ಆ ಒದ್ದೆ ಧ್ವನಿ ಅಂದ್ರೆ ಚಾ ಉಸಿರಿನ ದಾರಿಗೆ ಇಳೀತಿದೆ ಅಂತ, ನನಗೆ ಆವತ್ತು ಗೊತ್ತಿರ್ಲಿಲ್ಲ. ನುಂಗೋ ಪರೀಕ್ಷೆ ಮಾಡದೇ ಸ್ಟ್ರೋಕ್ ಪೇಶೆಂಟಿಗೆ ಹನಿ ನೀರೂ ಕೊಡ್ಬಾರ್ದು ಅನ್ನೋದು ನಿಮಗೆ ಎರಡು ಮಾರ್ಕ್ಸಿನ ಪ್ರಶ್ನೆಯಾಗಿ ಬರತ್ತೆ, ದಯವಿಟ್ಟು ಎರಡು ಮಾರ್ಕ್ಸಿಗೆ ಮಾತ್ರ ಓದ್ಬೇಡಿ.

ಪ್ರಶ್ನೆ: ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಆಕ್ಷನ್ ಪೊಟೆನ್ಶಿಯಲ್ (ನರದಲ್ಲಿ ಓಡೋ ವಿದ್ಯುತ್ ಸಂದೇಶ) ಗ್ರಾಫ್ ಬರಿತೀನಿ, ಆದ್ರೆ ಈ ಪ್ಲಸ್ಸು ಮೈನಸ್ಸು ಎಲ್ಲಿಂದ ಬಂತು ಅಂತಾನೇ ಗೊತ್ತಿಲ್ಲ. ಕ್ಲಾಸಲ್ಲಿ ಕೇಳೋಕೆ ನಾಚಿಕೆ.
— ಗಜನಿ ಕಡೆ ಊರಿಂದ, ಕುಮಟಾ ತಾಲೂಕು

ಗಜನಿ ಅಂದ್ರಿ, ಹಾಗಾದ್ರೆ ಅರ್ಧ ಪಾಠ ನಿಮಗೆ ಬರತ್ತೆ. ಅಘನಾಶಿನಿ ಹಿನ್ನೀರಲ್ಲಿ ಗದ್ದೆಗೆ ಬದು ಕಟ್ಟಿ ಅದರಲ್ಲಿ ಮರದ ಬಾಗಿಲು ಇಟ್ಟಿರ್ತಾರೆ, ಬದುವಿನ ಹೊರಗೆ ಉಪ್ಪುನೀರು, ಒಳಗೆ ಬೇರೆ ನೀರು. ನರಕೋಶನೂ ಹಾಗೇ. ಬದು ಅಂದ್ರೆ ಕೋಶದ ಪೊರೆ, ಬಾಗಿಲು ಅಂದ್ರೆ ಚಾನಲ್. ಹೊರಗಡೆ ಸೋಡಿಯಂ ಜಾಸ್ತಿ, ನಿಮ್ಮ ಪಕ್ಕದ ಸಾಣಿಕಟ್ಟಾ ಆಗರದಲ್ಲಿ ತೆಗೆಯೋ ಉಪ್ಪಲ್ಲಿರೋ ಅದೇ ಸೋಡಿಯಂ. ಒಳಗಡೆ ಪೊಟ್ಯಾಶಿಯಂ ಜಾಸ್ತಿ. ಲ್ಯಾಬ್ ರಿಪೋರ್ಟ್ ನೋಡಿ, ಸೋಡಿಯಂ 135 ರಿಂದ 145, ಪೊಟ್ಯಾಶಿಯಂ 3.5 ರಿಂದ 5 ಅಂತ ಇರತ್ತಲ್ಲ, ಅದು ರಕ್ತದ ಲೆಕ್ಕ, ಅಂದ್ರೆ ಕೋಶದ ಹೊರಗಿನ ಲೆಕ್ಕ. ಒಳಗೆ ಇದು ಉಲ್ಟಾ, ಪೊಟ್ಯಾಶಿಯಂ 140ರ ಆಸುಪಾಸು.

ಸುಮ್ನೆ ಕೂತಿರುವಾಗ ಪೊಟ್ಯಾಶಿಯಂ ಸ್ವಲ್ಪ ಸ್ವಲ್ಪ ಸೋರಿ ಹೊರಗೆ ಹೋಗ್ತಾ ಇರತ್ತೆ, ಅದು ಪ್ಲಸ್ ಚಾರ್ಜು, ಪ್ಲಸ್ ಹೊರಗೆ ಹೋದ್ರೆ ಒಳಗೆ ಉಳಿದಿದ್ದು ಮೈನಸ್. ಅಷ್ಟೇ, ಮೈನಸ್ 70 ಮಿಲಿವೋಲ್ಟ್ ಬಂದಿದ್ದು ಹೀಗೆ. ಈಗ ಯಾರೋ ಮುಟ್ಟಿದ್ರು, ಚುಚ್ಚಿದ್ರು ಅಂತ ಇಟ್ಕೊಳ್ಳಿ, ಒಳಗಿನ ವೋಲ್ಟೇಜ್ ಮೈನಸ್ 55 ತನಕ ಬಂದ ತಕ್ಷಣ ಸೋಡಿಯಂ ಬಾಗಿಲು ತೆರ್ಕೊಂಡು ಉಬ್ಬರದ ನೀರು ನುಗ್ಗಿದ ಹಾಗೆ ಸೋಡಿಯಂ ಒಳಗೆ, ಒಳಗೆ ಪ್ಲಸ್ 30 ಆಗತ್ತೆ, ಇದು ಡೀಪೋಲರೈಸೇಶನ್. ಮೈನಸ್ 55 ಮುಟ್ಟದಿದ್ರೆ ಬಾಗಿಲು ತೆರೆಯೋದೇ ಇಲ್ಲ, ಅರ್ಧ ತೆರೆಯೋ ವ್ಯವಹಾರ ಇಲ್ಲ, ಆಲ್ ಆರ್ ನನ್ ಅಂದ್ರೆ ಅದು. ಆಮೇಲೆ ಸೋಡಿಯಂ ಬಾಗಿಲು ಮುಚ್ಚತ್ತೆ, ಪೊಟ್ಯಾಶಿಯಂ ಬಾಗಿಲು ತೆರೆಯತ್ತೆ, ಪೊಟ್ಯಾಶಿಯಂ ಹೊರಗೆ ಇಳಿಯತ್ತೆ, ಒಳಗೆ ಮತ್ತೆ ಮೈನಸ್, ಇದು ರೀಪೋಲರೈಸೇಶನ್. ಗಜನೀಲಿ ನೀರಿನ ಒತ್ತಡಕ್ಕೆ ಬಾಗಿಲು ತೆರೆಯತ್ತೆ, ಇಲ್ಲಿ ವೋಲ್ಟೇಜಿಗೆ ತೆರೆಯತ್ತೆ, ಇಷ್ಟು ವ್ಯತ್ಯಾಸ ನೆನಪಿಟ್ಕೊಳ್ಳಿ, ಅದಕ್ಕೇ ವೋಲ್ಟೇಜ್ ಗೇಟೆಡ್ ಅನ್ನೋದು.

ಇಲ್ಲಿ ಎಲ್ಲರೂ ಮಾಡೋ ತಪ್ಪೊಂದಿದೆ, ರೀಪೋಲರೈಸೇಶನ್ ಮಾಡೋದು ಸೋಡಿಯಂ-ಪೊಟ್ಯಾಶಿಯಂ ಪಂಪ್ ಅಂತ ಬರೀತಾರೆ. ಅಲ್ಲ. ಪಂಪ್ ಹಗಲೂ ರಾತ್ರಿ ಹಿಂದುಗಡೆ ಕೆಲಸ ಮಾಡೋ ಆಳು, ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಶಿಯಂ ಒಳಗೆ ತಂದು ವ್ಯತ್ಯಾಸ ಕಾಯ್ತಾ ಇರತ್ತೆ. ಈ ಆಳಿಗೆ ಕೂಲಿ ಎಟಿಪಿ, ಅಂದ್ರೆ ಕೋಶಕ್ಕೆ ಶಕ್ತಿ ಕೊಡೋ ರಾಸಾಯನಿಕ, ಅದಕ್ಕೆ ಬೇಕು ಆಮ್ಲಜನಕ. ಮೆದುಳು ದೇಹದ ತೂಕದಲ್ಲಿ ಸುಮಾರು 2 ಪರ್ಸೆಂಟ್, ಆದ್ರೆ ಆಮ್ಲಜನಕದಲ್ಲಿ 20 ಪರ್ಸೆಂಟ್ ಅದೇ ತಿನ್ನತ್ತೆ. ಉಸಿರು ನಿಂತು ನಾಲ್ಕೈದು ನಿಮಿಷಕ್ಕೆ ಮೆದುಳಿಗೆ ಹಾನಿ ಶುರು ಅಂತ ಸಿಪಿಆರ್ ಕ್ಲಾಸಲ್ಲಿ ಹೇಳೋದರ ಹಿಂದೆ ಈ ಪಂಪೂ ಇದೆ.

ನಿಮ್ಮ ಕಡೆ ಬಲೆಗೆ ಒಂದು ಮೀನು ಬೀಳತ್ತೆ, ಮುಟ್ಟಿದ್ರೆ ಬಲೂನಿನ ಹಾಗೆ ಹೊಟ್ಟೆ ಊದಿಸ್ಕೊಳ್ಳತ್ತೆ, ಅದನ್ನ ವಾಪಸ್ ಎಸೀತಾರೆ. ಆ ಜಾತಿ ಮೀನಲ್ಲಿ ಟೆಟ್ರೋಡೋಟಾಕ್ಸಿನ್ ಅನ್ನೋ ವಿಷ ಇರತ್ತೆ, ಅದು ಹೋಗಿ ಈ ಸೋಡಿಯಂ ಬಾಗಿಲಿಗೇ ಬೀಗ ಹಾಕತ್ತೆ, ಬೇಯಿಸಿದ್ರೂ ಹೋಗಲ್ಲ. ತಿಂದವ್ರಿಗೆ ಮೊದ್ಲು ತುಟಿ ನಾಲಿಗೆ ಜೋಮು, ಆಮೇಲೆ ಕೈಕಾಲು, ಕೊನೆಗೆ ಉಸಿರಾಟದ ಸ್ನಾಯು. ಪ್ರತಿವಿಷ ಇಲ್ಲ, ವೆಂಟಿಲೇಟರ್ ಹಾಕಿ ಕಾಯೋದೇ. ಹಲ್ಲು ಕೀಳುವಾಗ ಕೊಡೋ ಲಿಗ್ನೋಕೇನ್ ಮುಚ್ಚೋದೂ ಇದೇ ಸೋಡಿಯಂ ಬಾಗಿಲನ್ನ, ಆದ್ರೆ ಒಂದೇ ಜಾಗದಲ್ಲಿ, ಸ್ವಲ್ಪ ಹೊತ್ತು. ವಿಷಕ್ಕೂ ಔಷಧಕ್ಕೂ ಬಾಗಿಲು ಒಂದೇ ಅಂತ ನನಗೆ ಗೊತ್ತಾದ ದಿನ ಆ ಗ್ರಾಫ್ ಮೇಲಿದ್ದ ಹೆದರಿಕೆ ಹೋಯ್ತು.

ನಾಚಿಕೆ ಬಗ್ಗೆ ಬರೆದಿದ್ರಿ. ಪ್ಲಸ್ಸು ಮೈನಸ್ಸು ಎಲ್ಲಿಂದ ಬಂತು ಅನ್ನೋದು ಒಳ್ಳೆ ಪ್ರಶ್ನೆ, ಗ್ರಾಫ್ ಚೆಂದ ಬರೆಯೋರಲ್ಲೂ ಎಷ್ಟೋ ಜನಕ್ಕೆ ಉತ್ತರ ಗೊತ್ತಿರಲ್ಲ. ಕೇಳಿ, ಕನ್ನಡದಲ್ಲೇ ಕೇಳಿ.

ಪ್ರಶ್ನೆ: ನಮ್ಮ ಅಪ್ಪಂಗೆ ಹೋದ ವರ್ಷ ಸ್ಟ್ರೋಕ್ ಆತು. ಬಲಗೈ ಬಾಳೆದಿಂಡಿನ ಹಾಂಗೆ ಬಿದ್ದಿತ್ತು, ಎತ್ತಿ ಬಿಟ್ರೆ ಧೊಪ್ ಅಂತಿತ್ತು. ಪುಸ್ತಕದಲ್ಲಿ ನೋಡಿದ್ರೆ ಸ್ಟ್ರೋಕ್ ಅಂದ್ರೆ ಅಪ್ಪರ್ ಮೋಟರ್ ನ್ಯೂರಾನ್, ಕೈ ಬಿಗಿ ಆಗ್ತು ಅಂತ ಇದ್ದು. ಯಾವುದು ಖರೆ? ಪರೀಕ್ಷೆಗೆ ಎಂತ ಬರೆಯಲಿ?
— ಜಿಎನ್‌ಎಂ ಎರಡನೇ ವರ್ಷ, ಶಿರಸಿ

ಎರಡೂ ಖರೆ. ಅಪ್ಪ ಈಗ ಹೇಗಿದ್ದಾರೆ ಅಂತ ನೀವು ಬರೀಲಿಲ್ಲ, ಚೆನ್ನಾಗಿದ್ದಾರೆ ಅಂದ್ಕೊಳ್ತೀನಿ.

ನಮ್ಮ ಜಿಲ್ಲೇಲಿ ಮಾತು ಶುರುವಾಗೋದೇ ಘಟ್ಟದ ಮೇಲೆ, ಘಟ್ಟದ ಕೆಳಗೆ ಅಂತ, ಅದನ್ನೇ ಹಿಡ್ಕೊಳ್ಳಿ. ಮೆದುಳಿನ ಮೋಟರ್ ಕಾರ್ಟೆಕ್ಸ್ ಅಂದ್ರೆ ಶಿರಸಿ. ಅಲ್ಲಿಂದ ಹೊರಟ ಅಪ್ಪಣೆ ದೇವಿಮನೆ ಘಟ್ಟ ಇಳಿದು ಬೆನ್ನುಹುರಿಯ ಆಂಟೀರಿಯರ್ ಹಾರ್ನ್ ತನಕ ಬರತ್ತೆ, ಅಲ್ಲಿ ತನಕ ಅಪ್ಪರ್ ಮೋಟರ್ ನ್ಯೂರಾನ್. ಅಲ್ಲಿ ಬಸ್ ಬದಲಾಯಿಸ್ಬೇಕು. ಆ ಸ್ಟ್ಯಾಂಡಿಂದ ಕರಾವಳಿಯ ಹಳ್ಳಿಗೆ, ಅಂದ್ರೆ ಸ್ನಾಯುವಿಗೆ ಹೋಗೋ ಲೋಕಲ್ ಬಸ್ಸು ಲೋವರ್ ಮೋಟರ್ ನ್ಯೂರಾನ್. ದಾರೀಲಿ, ಮೆಡುಲ್ಲಾದ ಕೆಳತುದೀಲಿ, ಬಹುಪಾಲು ನರತಂತುಗಳು ಎಡಬಲ ದಾಟ್ತಾವೆ, ಹಾಗಾಗಿ ಎಡ ಮೆದುಳಿಗೆ ಆದದ್ದು ಅಪ್ಪನ ಬಲಗೈಗೆ ಬಂತು.

ಲೋಕಲ್ ಬಸ್ಸೇ ನಿಂತ್ರೆ ಹಳ್ಳಿಗೆ ಏನೂ ತಲುಪಲ್ಲ. ಸ್ನಾಯು ಸಡಿಲ, ಸೊರಗತ್ತೆ, ಮಂಡಿಗೆ ಹ್ಯಾಮರ್ ತಟ್ಟಿದ್ರೆ ಒದೆಯಲ್ಲ, ಚರ್ಮದ ಕೆಳಗೆ ಸಣ್ಣಗೆ ಪಟಪಟ ಅದುರೋದು ಕಾಣತ್ತೆ, ಅದು ಫ್ಯಾಸಿಕ್ಯುಲೇಶನ್. ಪೋಲಿಯೋ ಇದಕ್ಕೆ ಹಳೇ ಉದಾಹರಣೆ. ಘಟ್ಟದ ರಸ್ತೆ ಕುಸಿದ್ರೆ ಬೇರೆ ಕತೆ, ಕೆಳಗೆ ಬಸ್ಸುಗಳು ಓಡ್ತಾನೇ ಇವೆ, ಆದ್ರೆ ಮೇಲಿಂದ ಹಿಡಿತದಲ್ಲಿ ಇಡೋರು ಇಲ್ಲ, ರಿಫ್ಲೆಕ್ಸ್‌ಗಳು ತಮ್ಮ ಪಾಡಿಗೆ ತಾವು ಜೋರಾಗ್ತಾವೆ. ಸ್ನಾಯು ಬಿಗಿ, ಮಂಡಿ ತಟ್ಟಿದ್ರೆ ಜೋರು ಒದೆ, ಅಂಗಾಲು ಗೀರಿದ್ರೆ ಹೆಬ್ಬೆರಳು ಮೇಲಕ್ಕೆ, ಇದೇ ಬಬಿನ್ಸ್ಕಿ. ಹಸುಗೂಸಿಗೂ ಹೆಬ್ಬೆರಳು ಮೇಲೇ ಹೋಗತ್ತೆ, ಅದು ರೋಗ ಅಲ್ಲ, ಘಟ್ಟದ ರಸ್ತೆಗೆ ಇನ್ನೂ ಮಯಲಿನ್, ಅಂದ್ರೆ ನರತಂತುವಿನ ಹೊದಿಕೆ, ಪೂರ್ತಿ ಕೂತಿಲ್ಲ ಅಷ್ಟೇ.

ಈಗ ನಿಮ್ಮ ಪ್ರಶ್ನೆ. ರಸ್ತೆ ಕುಸಿದ ದಿನ ಕೆಳಗಿನ ಸ್ಟ್ಯಾಂಡಲ್ಲೂ ಎಲ್ಲ ಸ್ತಬ್ಧ ಅಲ್ದಾ? ಹಾಗೇ ಸ್ಟ್ರೋಕ್ ಆದ ಮೊದಲ ಕೆಲವು ದಿನ, ಕೆಲವರಿಗೆ ವಾರಗಟ್ಟಲೆ, ಕೈಕಾಲು ಸಡಿಲವಾಗೇ ಇರತ್ತೆ, ಬಿಗಿ ಆಮೇಲೆ ಬರೋದು. ಉತ್ತರದಲ್ಲಿ "ಆರಂಭದಲ್ಲಿ ಫ್ಲಾಸಿಡ್, ನಂತರ ಸ್ಪಾಸ್ಟಿಕ್" ಅಂತ ಒಂದು ಸಾಲು ಬರೆದ್ರೆ ಪೇಪರ್ ನೋಡೋರಿಗೆ ನೀವು ರೋಗಿಯನ್ನ ನೋಡಿದ್ದೀರಿ ಅಂತ ಗೊತ್ತಾಗತ್ತೆ. ನೀವು ನೋಡಿದ್ದೀರಿ, ಹತ್ತಿರದಿಂದ. ಆ ಸಡಿಲ ಇರೋ ದಿನಗಳಲ್ಲೇ ಕೈ ಹಿಡಿದು ಎಳೆದು ಕೂರ್ಸಿದ್ರೆ ಭುಜದ ಕೀಲು ಜಾರತ್ತೆ, ಯಾರೂ ಎಳೀಬಾರ್ದು, ದಿಂಬು ಕೊಟ್ಟು ಇಡ್ಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸ್ಬೇಕು.

ಇದರ ಜೊತೆಗೇ ಬರೋ ಪ್ರಶ್ನೆ ಬೆಲ್ಸ್ ಪಾಲ್ಸಿ, ಅಂದ್ರೆ ಏಳನೇ ನರ ಕೆಟ್ಟು ಅರ್ಧ ಮುಖ ಬೀಳೋದು. ಬಾಯಿ ಸೊಟ್ಟ ಆದ್ರೆ ಹಣೆ ನೋಡಿ, ಹುಬ್ಬು ಎತ್ತಿ ಅನ್ನಿ. ಹಣೆಗೆ ಮೆದುಳಿನ ಎರಡೂ ಕಡೆಯಿಂದ ತಂತು ಬರತ್ತೆ, ಹಾಗಾಗಿ ಸ್ಟ್ರೋಕಲ್ಲಿ ಬಾಯಿ ಸೊಟ್ಟ ಆದ್ರೂ ಹಣೆ ನೆರಿಗೆ ಉಳಿಯತ್ತೆ. ಏಳನೇ ನರವೇ ಕೆಟ್ಟಿದ್ರೆ ಆ ಅರ್ಧ ಮುಖ ಪೂರ್ತಿ ಹೋಗತ್ತೆ, ಹಣೆ ನುಣ್ಣಗೆ, ಕಣ್ಣು ಮುಚ್ಚಲ್ಲ. ಆದ್ರೆ ಮನೇಲಿ ಹಣೆ ನೋಡ್ಕೊಂಡು ತೀರ್ಮಾನ ಮಾಡ್ಬೇಡಿ, ಬಾಯಿ ಸೊಟ್ಟ, ಕೈ ಬಿತ್ತು, ಮಾತು ತೊದಲ್ತು ಅಂದ್ರೆ ಗಡಿಯಾರ ನೋಡಿ ಹೊರಡೋದೇ. ಹೆಪ್ಪು ಕರಗಿಸೋ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ 4.5 ಗಂಟೆ ಒಳಗೆ, ಅದೂ ಸಿಟಿ ಸ್ಕ್ಯಾನ್ ಮಾಡಿ ರಕ್ತಸ್ರಾವ ಅಲ್ಲ ಅಂತ ಆದ್ಮೇಲೆ. ಮಣಿಪಾಲವೋ ಹುಬ್ಬಳ್ಳಿಯೋ ಗೋವಾನೋ ಅಂತ ಓಡೋ ಜಿಲ್ಲೆ ನಮ್ದು, ರಸ್ತೆಯಲ್ಲೇ ಹೊತ್ತು ಹೋಗತ್ತೆ. "ಕೊನೇ ಸಲ ಸರಿಯಿದ್ದದ್ದು ಎಷ್ಟು ಗಂಟೆಗೆ" ಅಂತ ಚೀಟೀಲಿ ಬರ್ಕೊಂಡು ಹೋಗಿ, ಡಾಕ್ಟರ್ ಮೊದ್ಲು ಕೇಳೋದ್ರಲ್ಲಿ ಅದೊಂದು. ಸ್ಕ್ಯಾನಿಗೆ ಮುಂಚೆ ಯಾರ ಮಾತು ಕೇಳಿಯೂ ಆಸ್ಪಿರಿನ್ ಬಾಯಿಗೆ ಹಾಕ್ಬೇಡಿ.

ಪ್ರಶ್ನೆ: ಸಿಂಪಥೆಟಿಕ್, ಪ್ಯಾರಾಸಿಂಪಥೆಟಿಕ್ ನನಗೆ ಯಾವಾಗ್ಲೂ ಉಲ್ಟಾ ಆಗತ್ತೆ. ಅಟ್ರೋಪಿನ್ ಬಂದ್ರಂತೂ ಪೂರ್ತಿ ಗೊಂದಲ. ಯಲ್ಲಾಪುರ ಹತ್ರ ನಮ್ಮದು ಅಡಿಕೆ ತೋಟ.
— ಸ್ಟಾಫ್ ನರ್ಸ್ ಪರೀಕ್ಷೆಗೆ ಓದ್ತಿರೋಳು

ತೋಟದಿಂದಲೇ ಹೇಳ್ತೀನಿ. ಇವೆರಡೂ ನಾವು ಹೇಳದೇ ಎದೆ, ಹೊಟ್ಟೆ, ಪಾಪೆ ನೋಡ್ಕೊಳ್ಳೋ ನರಗಳು, ಸಿಂಪಥೆಟಿಕ್ ಅಪಾಯದ ಹೊತ್ತಿಗೆ, ಪ್ಯಾರಾ ವಿಶ್ರಾಂತಿ ಹೊತ್ತಿಗೆ. ಅಭ್ಯಾಸ ಇಲ್ಲದವ್ರು ಹಸಿ ಅಡಿಕೆ ಅಗಿದ್ರೆ ಏನಾಗತ್ತೆ? ಬಾಯಿ ತುಂಬಾ ನೀರು, ಹಣೆ ಬೆವರು, ತಲೆ ಗಿರ್ರ್, "ಅಡಿಕೆ ಸೊಕ್ತು" ಅಂತೀವಿ. ಅಡಿಕೇಲಿರೋ ಅರೆಕೋಲಿನ್ ಹೋಗಿ ಮಸ್ಕರಿನಿಕ್ ರಿಸೆಪ್ಟರ್ (ಕೋಶದ ಮೇಲಿನ ಒಂದು ಗುಂಡಿ ಅಂದ್ಕೊಳ್ಳಿ) ಒತ್ತತ್ತೆ, ಪ್ಯಾರಾಸಿಂಪಥೆಟಿಕ್ ನರ ಬಿಡೋ ರಾಸಾಯನಿಕ ಅಸಿಟೈಲ್‌ಕೋಲಿನ್ ಒತ್ತೋದೂ ಅದನ್ನೇ. ಈಗ ಬೇಲಿ ಹತ್ರ ಇರೋ ಉಮ್ಮತ್ತಿ ಗಿಡ ನೆನಪು ಮಾಡ್ಕೊಳ್ಳಿ, ಅದರಲ್ಲಿರೋದು ಅಟ್ರೋಪಿನ್ ಮತ್ತು ಅದರ ಅಣ್ಣತಮ್ಮಂದಿರು, ಅದೇ ರಿಸೆಪ್ಟರನ್ನ ಮುಚ್ಚತ್ತೆ. ಮಗು ಅದರ ಬೀಜ ತಿಂದ್ರೆ ಬಾಯಿ ಒಣಗತ್ತೆ, ಪಾಪೆ ದೊಡ್ಡದು, ಮೈ ಕೆಂಪು ಬಿಸಿ, ಎದೆ ಓಡತ್ತೆ, ಮೂತ್ರ ಕಟ್ಟತ್ತೆ, ಏನೇನೋ ಬಡಬಡಿಸತ್ತೆ, ಉನ್ಮತ್ತ ಅನ್ನೋ ಮಾತಿಂದಲೇ ಉಮ್ಮತ್ತಿ ಬಂದಿದ್ದು. ಅಡಿಕೆ ಒತ್ತತ್ತೆ, ಉಮ್ಮತ್ತಿ ಮುಚ್ಚತ್ತೆ, ಇಷ್ಟು ಗಟ್ಟಿ ಆದ್ರೆ ಅಟ್ರೋಪಿನ್ನಿನ ಸೈಡ್ ಎಫೆಕ್ಟ್ ಪಟ್ಟಿ ಬಾಯಿಪಾಠ ಮಾಡೋದೇ ಬೇಡ. (ಅಡಿಕೆ ಇಲ್ಲಿ ಪಾಠಕ್ಕೆ ಮಾತ್ರ. ವರ್ಷಗಟ್ಟಲೆ ಹಾಕಿ ಬಾಯಿ ಎರಡು ಬೆರಳು ತೆರೆಯೋಕಾಗದೇ ಗಂಜಿಗೂ ಒದ್ದಾಡೋರನ್ನ ಕಂಡಿದ್ದೀನಿ, ಮನಸ್ಸಿಗೆ ನೋವಾಗತ್ತೆ.)

ಸಿಂಪಥೆಟಿಕ್ ಅಂದ್ರೆ ಸಂಜೆ ತೋಟದ ದಾರೀಲಿ ಕರಡಿ ಎದುರಾದ ಕ್ಷಣ. ಎದೆ ಬಡಿತ ಜೋರು, ಪಾಪೆ ದೊಡ್ಡದು, ಬಾಯಿ ಒಣಗಿತು, ಹಸಿವು ನೆನಪೂ ಇಲ್ಲ. ಮನೆಗೆ ಬಂದು ಊಟ ಮಾಡಿ ಜಗಲೀಲಿ ಒರಗಿದ್ದು ಪ್ಯಾರಾಸಿಂಪಥೆಟಿಕ್. ಹೊರಡೋ ಜಾಗ: ಸಿಂಪಥೆಟಿಕ್ ಬೆನ್ನುಹುರಿಯ ಟಿ1 ರಿಂದ ಎಲ್2 (ಎದೆ-ಸೊಂಟದ ಭಾಗ), ಪ್ಯಾರಾ 3, 7, 9, 10ನೇ ಕ್ರೇನಿಯಲ್ ನರ ಮತ್ತು ಎಸ್2 ರಿಂದ ಎಸ್4.

ಇದೆಲ್ಲ ಒಟ್ಟಿಗೆ ಕಾಣೋದು ಕೀಟನಾಶಕ ಕುಡಿದವ್ರು ಬಂದಾಗ. ಆರ್ಗನೋಫಾಸ್ಫೇಟ್ ಅಸಿಟೈಲ್‌ಕೋಲಿನ್ ಒಡೆಯೋ ಕಿಣ್ವವನ್ನೇ ಕಟ್ಟಿಹಾಕತ್ತೆ, ಅಸಿಟೈಲ್‌ಕೋಲಿನ್ ತುಂಬಿ ತುಳುಕತ್ತೆ. ನಾನು ವಿದ್ಯಾರ್ಥಿನಿ ಆಗಿದ್ದಾಗ ಒಂದು ರಾತ್ರಿ ಹಾಗೆ ಒಬ್ಬ ಹುಡುಗ ಬಂದ, ಬಾಯಿಂದ ನೊರೆ, ಹಾಸಿಗೆ ಬೆವರಿಂದ ಒದ್ದೆ, ಪಾಪೆ ಸೂಜಿಮೊನೆ. ಅಟ್ರೋಪಿನ್ ಮೇಲೆ ಅಟ್ರೋಪಿನ್ ಹೋಗ್ತಿತ್ತು, ನಾನು ಪಲ್ಸ್ 120 ಆಯ್ತು ಅಂತ ಹೆದರಿ ನಿಲ್ಲಿಸ್ಬೇಕಾ ಅಂದೆ. ಹಿರಿಯ ಸಿಸ್ಟರ್ ಏನೂ ಹೇಳದೇ ತಮ್ಮ ಸ್ಟೆತ್ ನನ್ನ ಕಿವಿಗೆ ಇಟ್ಟು ಅವನ ಬೆನ್ನಿಗೆ ಹಚ್ಚಿದ್ರು, ಒಳಗೆ ಇನ್ನೂ ಬುಳುಬುಳು. "ಇದು ಒಣಗೋ ತನಕ" ಅಂದ್ರು. ಎದೆ ಒಣಗ್ಬೇಕು, ಕಂಕುಳು ಒಣಗ್ಬೇಕು, ಪಲ್ಸ್ 80ರ ಮೇಲೆ, ಮೇಲಿನ ಬಿಪಿ 80ರ ಮೇಲೆ, ಪಾಪೆ ಸೂಜಿಮೊನೆ ಆಗಿರಬಾರದು, ಅಟ್ರೋಪಿನೈಸೇಶನ್ ಅಂದ್ರೆ ಇದು. ಆ ಹುಡುಗ ಬದುಕಿದ.

ಪ್ರಶ್ನೆ: ಹಾವು ಕಚ್ಚಿದ್ರೆ ಕಣ್ಣು ರೆಪ್ಪೆ ಯಾಕೆ ಬೀಳತ್ತೆ? ಸಿದ್ದಾಪುರ ಕಡೆ ಮಳೆಗಾಲದಲ್ಲಿ ಇದು ಪರೀಕ್ಷೆಗಿಂತ ಹೆಚ್ಚು.

ನಾಗರಹಾವು, ಕಟ್ಟುಹಾವು ಎರಡರ ವಿಷನೂ ಕೂರೋದು ನರ ಸ್ನಾಯುವಿಗೆ ಸೇರೋ ಜಾಗದಲ್ಲಿ, ನ್ಯೂರೋಮಸ್ಕ್ಯುಲರ್ ಜಂಕ್ಷನ್. ನಾಗರದ ವಿಷ ಮುಖ್ಯವಾಗಿ ಸ್ನಾಯು ಕಡೆಯ ರಿಸೆಪ್ಟರ್ ಮುಚ್ಚತ್ತೆ, ಅದಕ್ಕೇ ಅಸಿಟೈಲ್‌ಕೋಲಿನ್ ಹೆಚ್ಚು ಮಾಡೋ ನಿಯೋಸ್ಟಿಗ್ಮಿನ್ ಕೆಲಸ ಮಾಡಬಹುದು, ಜೊತೆಗೆ ಅಟ್ರೋಪಿನ್ ಇರ್ಬೇಕು. ಕಟ್ಟುಹಾವಿನದ್ದು ನರದ ತುದಿಯನ್ನೇ ಹಾಳು ಮಾಡತ್ತೆ, ಅಲ್ಲಿ ನಿಯೋಸ್ಟಿಗ್ಮಿನ್ನಿಂದ ಹೆಚ್ಚು ಪ್ರಯೋಜನ ಇಲ್ಲ. ರೆಪ್ಪೆ ಎತ್ತೋ ಸಣ್ಣ ಸ್ನಾಯು ಮೊದ್ಲು ಸೋಲತ್ತೆ, ಆಮೇಲೆ ಗಂಟಲು, ಆಮೇಲೆ ಉಸಿರು. ಕಟ್ಟುಹಾವು ರಾತ್ರಿ ನೆಲದಲ್ಲಿ ಮಲಗಿದವ್ರನ್ನ ಕಚ್ಚೋದು, ನೋವೂ ಇರಲ್ಲ, ಗುರುತೂ ಕಾಣಲ್ಲ, ಬೆಳಗ್ಗೆ ಎದ್ದವ್ರು ಹೊಟ್ಟೆ ನೋವು, ಕಣ್ಣು ಬಿಡೋಕಾಗ್ತಿಲ್ಲ ಅಂತಾರೆ. ಹಾಗೆ ಯಾರಾದ್ರೂ ಅಂದ್ರೆ ನಿದ್ದೆಗಣ್ಣು ಅಂತ ಬಿಡ್ಬೇಡಿ. ಪ್ರತಿವಿಷದ ಡೋಸ್ ದೊಡ್ಡವ್ರಿಗೂ ಮಕ್ಕಳಿಗೂ ಒಂದೇ, ಹಾವು ಮಗು ಅಂತ ಕಮ್ಮಿ ವಿಷ ಬಿಡಲ್ಲ. ಇದು ಪರೀಕ್ಷೇಲಿ ಕೇಳ್ತಾರೆ.

ಪ್ರಶ್ನೆ: ಪರೀಕ್ಷೆ ಹಿಂದಿನ ದಿನ ರಾತ್ರಿ ಇಡೀ ಓದ್ತೀನಿ, ಬೆಳಗ್ಗೆ ಖಾಲಿ. ಯಾಕೆ?
— ಅಂಕೋಲಾ

ಹೊಸ ನೆನಪು ಮೊದ್ಲು ಮೆದುಳಿನ ಒಳಗಿರೋ ಹಿಪ್ಪೋಕ್ಯಾಂಪಸ್ ಅನ್ನೋ ಭಾಗದಲ್ಲಿ ಕೂರತ್ತೆ, ಗಟ್ಟಿ ಆಗೋಕೆ ನಿದ್ದೆ ಬೇಕು. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಅನ್ನೋರಿಗೆ ಅಪಸ್ಮಾರ ತಡೆಯೋಕೆ ಎರಡೂ ಕಡೆ ಹಿಪ್ಪೋಕ್ಯಾಂಪಸ್ ಭಾಗ ತೆಗೆದ್ರು, ಆಮೇಲೆ ಬದುಕಿರೋ ತನಕ ಹೊಸ ಘಟನೆ ಯಾವುದೂ ಅವರ ನೆನಪಲ್ಲಿ ನಿಲ್ಲಲಿಲ್ಲ. ಆ ಭಾಗದ ಬೆಲೆ ಗೊತ್ತಾಗಿದ್ದೇ ಅವರಿಂದ. ನೀವು ನಿದ್ದೆಗೆಟ್ಟು ಓದಿ ಅದೇ ಭಾಗಕ್ಕೆ ಕೆಲಸ ಮಾಡೋಕೆ ಬಿಡ್ತಿಲ್ಲ. ಹನ್ನೊಂದಕ್ಕೆ ಮಲಗಿ. ಹಗಲಲ್ಲಿ ಪುಸ್ತಕ ಮುಚ್ಚಿ ಖಾಲಿ ಹಾಳೇಲಿ ಮೆದುಳಿನ ಒಳಗೂ ಸುತ್ತಲೂ ಇರೋ ದ್ರವ ಸಿಎಸ್‌ಎಫ್ ಹರಿಯೋ ದಾರಿ ಬರೀರಿ, ಲ್ಯಾಟರಲ್ ವೆಂಟ್ರಿಕಲ್, ಮನ್ರೋ, ಮೂರನೇದು, ಸಿಲ್ವಿಯಸ್, ನಾಲ್ಕನೇದು, ಆಮೇಲೆ ಸಬ್‌ಅರಾಕ್ನಾಯ್ಡ್. ತಪ್ಪಾದ ಜಾಗಕ್ಕೆ ಮಾತ್ರ ಪುಸ್ತಕ ತೆಗೀರಿ. ಎರಡು ದಿನ ಬಿಟ್ಟು ಮತ್ತೆ ಬರೀರಿ, ಬಸ್ಸಲ್ಲಿ ಬೆರಳಲ್ಲೇ ಬರೆದ್ರೂ ಆಯ್ತು.

ಪ್ರಶ್ನೆ: ಗ್ಲಾಸ್ಗೋ ಕೋಮಾ ಸ್ಕೇಲ್, ಅಂದ್ರೆ ಪ್ರಜ್ಞೆ ಎಷ್ಟಿದೆ ಅಂತ ಅಳೆಯೋ ಪಟ್ಟಿ, ಅದರ ಅಂಕಗಳು ಗೊತ್ತು, ಆದ್ರೆ ಪೇಶೆಂಟ್ ಮುಂದೆ ನಿಂತಾಗ ಎಷ್ಟು ಕೊಡ್ಬೇಕು ಅಂತ ಕೈ ನಡುಗತ್ತೆ.
— ಕ್ಲಿನಿಕಲ್ ಪೋಸ್ಟಿಂಗಲ್ಲಿರೋ ವಿದ್ಯಾರ್ಥಿನಿ, ಕಾರವಾರ

1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಇದನ್ನ ಮಾಡಿದ್ದೇ ಬೇರೆ ಬೇರೆಯವ್ರು ನೋಡಿದ್ರೂ ಒಂದೇ ಭಾಷೇಲಿ ಹೇಳೋ ಹಾಗಾಗ್ಲಿ ಅಂತ. ಕಣ್ಣು 4, ಮಾತು 5, ಚಲನೆ 6, ಒಟ್ಟು 15. ಸೊನ್ನೆ ಇಲ್ಲ, ಕಮ್ಮಿ ಅಂದ್ರೆ 3. 8 ಅಥವಾ ಕಮ್ಮಿ ಆದ್ರೆ ಉಸಿರಿನ ದಾರಿ ಅಪಾಯದಲ್ಲಿದೆ, ಓಡಿ ಹೇಳಿ. ಚಲನೆಯಲ್ಲಿ ತಪ್ಪೋದು 3 ಮತ್ತು 2: ನೋವು ಕೊಟ್ಟಾಗ ಕೈ ಮಡಚಿ ಎದೆ ಕಡೆಗೆ ಬಂದ್ರೆ 3, ನೆಟ್ಟಗೆ ಚಾಚಿ ಒಳಗಡೆಗೆ ತಿರುಚಿದ್ರೆ 2. ಟ್ಯೂಬ್ ಹಾಕಿದವ್ರಿಗೆ ಮಾತಿನ ಅಂಕ ಊಹಿಸ್ಬೇಡಿ, ಟಿ ಅಂತ ಬರೀರಿ. ಒಟ್ಟು ಮೊತ್ತ ಒಂದನ್ನೇ ಹೇಳ್ಬೇಡಿ, ಮೂರನ್ನೂ ಬಿಡಿಬಿಡಿಯಾಗಿ ಹೇಳಿ.

ಮಾತಿನ 5 ಅಂದ್ರೆ ಹೆಸರು, ಜಾಗ, ಕಾಲ ಸರಿ ಹೇಳೋದು, 4 ಅಂದ್ರೆ ಗೊಂದಲ. ಇಲ್ಲಿ ನಮ್ಮ ಕರಾವಳಿಗೆ ಸೇರಿದ್ದೊಂದು ಹೇಳ್ಬೇಕು. ಸದಾಶಿವಗಡ ಕಡೆಯ ಒಬ್ಬ ಅಜ್ಜಿ ಬಿದ್ದು ತಲೆಗೆ ಪೆಟ್ಟಾಗಿ ಬಂದಿದ್ರು, ರಾತ್ರಿ ಪಾಳಿಯವ್ರು ಹಿಂದೀಲಿ ಕೇಳಿದ್ರು, ಕನ್ನಡದಲ್ಲಿ ಕೇಳಿದ್ರು, ಅಜ್ಜಿ ಏನೋ ಸಂಬಂಧ ಇಲ್ಲದ್ದು ಹೇಳ್ತಿದ್ದಾರೆ ಅಂತ ಮಾತಿಗೆ 4 ಬರೆದಿಟ್ಟಿದ್ರು, ಮನೆಯವ್ರಿಗೂ "ಸ್ವಲ್ಪ ಗೊಂದಲ ಇದೆ" ಅಂದಿದ್ರು. ಬೆಳಗ್ಗೆ ನಾನು ಡ್ಯೂಟಿಗೆ ಬಂದು ಪಕ್ಕದಲ್ಲಿ ಕೂತು ಕೊಂಕಣೀಲಿ ಹೆಸರು ಕೇಳಿದೆ. ಹೆಸರು ಹೇಳಿದ್ರು, ದೊಡ್ಡ ಆಸ್ಪತ್ರೆ ಅಂದ್ರು, ಇವತ್ತು ಯಾವ ವಾರ ಅಂದಾಗ ಬೆರಳು ಮಡಚಿ ಎಣಿಸಿ ಶುಕ್ರವಾರ ಅಂದ್ರು, ಆಮೇಲೆ ನನ್ನ ಕೈ ಹಿಡ್ಕೊಂಡು, ರಾತ್ರಿಯಿಂದ ಹೇಳ್ತಿದ್ದೀನಿ, ಕೋಳಿಗೂಡಿನ ಬಾಗಿಲು ಹಾಕದೇ ಬಂದಿದ್ದೀನಿ, ಮಗನಿಗೆ ಹೇಳಿ ಅಂದ್ರು. ಶುಕ್ರವಾರ ಸರಿಯಾಗೇ ಇತ್ತು. ಹಾಳೆಯ ಮುಂದಿನ ಸಾಲಲ್ಲಿ ಸಮಯ ಹಾಕಿ ಮಾತು 5 ಅಂತ ಬರೆದು, ಪಕ್ಕದಲ್ಲಿ "ಕೊಂಕಣಿಯಲ್ಲಿ ಕೇಳಲಾಗಿದೆ" ಅಂತ ಸೇರಿಸಿ, ಮಗನಿಗೆ ಫೋನ್ ಮಾಡ್ಸಿದೆ.